ಆಪರೇಷನ್ ಥಿಯೇಟರಿನ ಹಳೆಯ ಫೋಟೊ: ತಪ್ಪು ಕಲ್ಪನೆ ಮತ್ತು ವಾಸ್ತವ

ಶಸ್ತ್ರಚಿಕಿತ್ಸೆಯ ಹಳೆಯ ಫೋಟೊಗಳು ಆಗಾಗ ನಮ್ಮ ಮೊಬೈಲಿಗೆ ಬರುತ್ತವೆ. ಬಹಳ ಸಲ ಚಿತ್ರ ನಿಜದ್ದೇ, ಕೆಳಗಿನ ಬರಹ ಮಾತ್ರ ತಪ್ಪು.

ತಪ್ಪು ಕಲ್ಪನೆ: ಪ್ರಜ್ಞೆ ತಪ್ಪಿಸುವ ಈಥರ್ ಕೊಟ್ಟು ಎಲ್ಲರೆದುರು ಮಾಡಿದ ಮೊದಲ ಆಪರೇಷನ್ನಿನ ಫೋಟೊ ಇದೆ.

ವಾಸ್ತವ: 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಕೊಟ್ಟರು, ಸರ್ಜನ್ ಜಾನ್ ಕಾಲಿನ್ಸ್ ವಾರೆನ್ ರೋಗಿಯ ಕುತ್ತಿಗೆಯ ಗಡ್ಡೆ ಕೊಯ್ದರು. ಆ ಗಳಿಗೆಯ ಫೋಟೊ ಇಲ್ಲ. ಎಲ್ಲೆಡೆ ಹರಿದಾಡುವುದು ಆಮೇಲೆ ಅದೇ ದೃಶ್ಯವನ್ನು ನಟಿಸಿದಾಗ ಸೌತ್‌ವರ್ತ್ ಮತ್ತು ಹಾಸ್ ಸ್ಟುಡಿಯೊದವರು ತೆಗೆದ ಡಾಗೆರೊಟೈಪ್. ನಿಜವಾದ ಆಪರೇಷನ್ನಿನ ಚಿತ್ರಗಳನ್ನು ಅವರೇ 1847ರಲ್ಲಿ ತೆಗೆದರು. ಡಾಗೆರೊಟೈಪ್ ಎಂದರೆ ಬೆಳ್ಳಿ ಲೇಪಿಸಿ ಕನ್ನಡಿಯಂತೆ ಉಜ್ಜಿದ ತಾಮ್ರದ ತಗಡು. ನೆಗೆಟಿವ್ ಇಲ್ಲ, ಒಂದು ತಗಡಿಗೆ ಒಂದೇ ಚಿತ್ರ. ಕೈಯಲ್ಲಿ ತುಸು ಓರೆ ಮಾಡಿದರೆ ವೈದ್ಯರು ಮಾಯವಾಗಿ ನಮ್ಮದೇ ಮುಖ ಕಾಣುತ್ತದೆ.

ತಪ್ಪು ಕಲ್ಪನೆ: ಗ್ಲೌಸ್, ಮಾಸ್ಕ್ ಇಲ್ಲದ ಆ ವೈದ್ಯರು ಬೇಜವಾಬ್ದಾರಿಗಳು.

ವಾಸ್ತವ: ಈ ಮಾತು ನನಗೆ ನೋವು ತರುತ್ತದೆ. ರೋಗಾಣುಗಳಿಂದ ಗಾಯ ಕೀವಾಗುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ರೋಗಾಣು ಕೊಲ್ಲುವ ಕಾರ್ಬಾಲಿಕ್ ಆಮ್ಲದಿಂದ ಗಾಯ ತೊಳೆಯುವ ಪದ್ಧತಿಯನ್ನು ಬ್ರಿಟಿಷ್ ಸರ್ಜನ್ ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ರಬ್ಬರ್ ಗ್ಲೌಸ್ ಬಂದದ್ದು 1890ರ ಆಸುಪಾಸು, ಬಟ್ಟೆಯ ಮಾಸ್ಕ್ 1897ರಲ್ಲಿ. ತಾರೀಖಿಲ್ಲದ ಫೋಟೊ ಸಿಕ್ಕರೆ ಮೊದಲು ವೈದ್ಯರ ಕೈ ನೋಡಿ. ಕಾಲದ ಒಂದು ಸುಳಿವು ಅಲ್ಲಿ ಸಿಗುತ್ತದೆ.

ತಪ್ಪು ಕಲ್ಪನೆ: ಚಿತ್ರದಲ್ಲಿ ದೀಪ ಕಾಣುವುದಿಲ್ಲ, ಹಾಗಾಗಿ ಅದು ಸ್ಟುಡಿಯೊದ್ದು.

ವಾಸ್ತವ: ಹಳೆಯ ಥಿಯೇಟರುಗಳು ಎಷ್ಟೋ ಕಡೆ ಮೇಲಂತಸ್ತಿನಲ್ಲಿ, ಗಾಜಿನ ಸೂರಿನಡಿ ಇದ್ದವು. ಸರ್ಜನ್ನಿಗೂ ಕ್ಯಾಮೆರಾಕ್ಕೂ ಬಿಸಿಲೇ ಬೆಳಕು. ಈಥರಿನ ಆವಿಗೆ ಬೆಂಕಿ ತಗಲುತ್ತದೆ, ಹತ್ತಿರ ಜ್ವಾಲೆ ತರುವಂತಿಲ್ಲ.

ತಪ್ಪು ಕಲ್ಪನೆ: ಮೈಸೂರು ಯುದ್ಧದಲ್ಲಿ ಮೂಗು ಕಳೆದುಕೊಂಡ ಗಾಡಿ ಹೊಡೆಯುವವನ ಫೋಟೊ ಇದೆ.

ವಾಸ್ತವ: ಅದು ಫೋಟೊ ಅಲ್ಲ. 1792ರ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್ಜಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಬಳಿ ದೇಶಿ ವೈದ್ಯನೊಬ್ಬ ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಯಾಗಿ ಹಣೆಯ ಮೇಲಿಟ್ಟು ಗೆರೆ ಎಳೆದು, ಅಷ್ಟೇ ಚರ್ಮವನ್ನು ಬಿಡಿಸಿ ಕೆಳಗೆ ತಿರುಗಿಸಿ ಹೊಸ ಮೂಗು ಕೂರಿಸಿದ. ಚಿತ್ರಕಾರ ಜೇಮ್ಸ್ ವೇಲ್ಸ್ ಬರೆದ ಅವನ ಚಿತ್ರ 1794ರದು. ಛಾಯಾಗ್ರಹಣ ಲೋಕಕ್ಕೆ ತಿಳಿದದ್ದು 1839ರಲ್ಲಿ!

ತಪ್ಪು ಕಲ್ಪನೆ: ಇಂಥ ಚಿತ್ರಗಳೆಲ್ಲ ವಿದೇಶದ ಮ್ಯೂಸಿಯಮ್ಮಿನ ಸರಕು.

ವಾಸ್ತವ: ನಮ್ಮಲ್ಲೇ ನೋಡಿ: ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ನರ್ಸುಗಳು, ಕಾಂಪೌಂಡರುಗಳು ಊರಲ್ಲೇ ಇದ್ದಾರೆ. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಭದ್ರಾವತಿಯ ಕಾರ್ಖಾನೆಗೂ ತನ್ನದೇ ಆಸ್ಪತ್ರೆಯಿತ್ತು. ಅಲ್ಲೆಲ್ಲ ದುಡಿದವರ ಮನೆಗಳ ಟ್ರಂಕಿನಲ್ಲಿ ಒಂದು ಥಿಯೇಟರ್ ಫೋಟೊ, ಒಂದು ಗ್ಲಾಸ್ ನೆಗೆಟಿವ್ ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಗಾಜನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಅಜ್ಜಿ, ಚಿಕ್ಕಪ್ಪ ಯಾರಾದರೂ ಗುರುತು ಹೇಳಬಲ್ಲವರು ಇರುವಾಗಲೇ ಕೇಳಿ, ಫೋಟೊದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ವರ್ಷ, ಜಾಗ ಬರೆದಿಡಿ. ಹಂಚುವುದಾದರೆ ಮೇಜಿನ ಮೇಲೆ ಮಲಗಿರುವ ರೋಗಿಯ ಮುಖ ಮರೆಮಾಡಿ.