ಮನೆತನದ ಹೆಸರು, ವಂಶದ ಸಾಕ್ಷಿ

ಅರಸರ ವಂಶಾವಳಿಯನ್ನರಿಯಲು ಶಿಲಾಶಾಸನಗಳುಂಟು, ತಾಮ್ರಪಟಗಳುಂಟು. ಸಾಮಾನ್ಯ ಗೃಹಸ್ಥನ ವಂಶಾವಳಿಯನ್ನರಿಯಲು ಏನುಂಟು? ಹೀಗೆ ಕೇಳುವ ಮಹಾಶಯರಲ್ಲಿ ಬಹುಮಂದಿ, ಉತ್ತರದ ಒಂದು ಭಾಗವನ್ನು ತಾವೇ ಪ್ರತಿದಿನವೂ ರುಜುವಿನ ರೂಪದಲ್ಲಿ ಬರೆಯುತ್ತಿರುವರೆಂಬುದನ್ನು ಮರೆತಿರುವರು. ನಮ್ಮ ಹಿರಿಯರು ಹೆಸರಿಡುವುದರಲ್ಲಿ ಒಂದು ಕ್ರಮವನ್ನಿಟ್ಟುಕೊಂಡಿದ್ದರು. ಆ ಕ್ರಮವನ್ನು ಬಲ್ಲವನಿಗೆ ಹೆಸರೇ ಒಂದು ಸಣ್ಣ ಶಾಸನ.

ಹಳೆಯ ಮೈಸೂರು ಸೀಮೆಯಲ್ಲಿ ಹೆಸರಿನ ಹಿಂದಿರುವ ಅಕ್ಷರಗಳಲ್ಲಿ ಮೊದಲನೆಯದು ಸಾಧಾರಣವಾಗಿ ಊರು, ಎರಡನೆಯದು ತಂದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೂರೂ ಸ್ಪಷ್ಟವಾಗಿವೆ. ಆದರೆ ಕವಿ ಜನಿಸಿದುದು 1904ರಲ್ಲಿ, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಆದುದರಿಂದ ಹೆಸರಿನ ಊರು ಮನೆತನದ ಊರೇ ಹೊರತು ಜನ್ಮಸ್ಥಳವೇ ಆಗಿರಬೇಕೆಂದಿಲ್ಲ. ವಿಶ್ವೇಶ್ವರಯ್ಯನವರು 1861ರಲ್ಲಿ ಜನಿಸಿದುದು ಮುದ್ದೇನಹಳ್ಳಿಯಲ್ಲಿ. ಅವರ ಹೆಸರಿನ ಮೋಕ್ಷಗುಂಡವಾದರೋ ಆಂಧ್ರದ ಒಂದು ಗ್ರಾಮ. ಪೂರ್ವಿಕರು ಊರು ಬಿಟ್ಟು ಎಷ್ಟೋ ತಲೆಮಾರುಗಳು ಸಂದ ಮೇಲೂ ಹೆಸರು ಆ ಊರನ್ನು ಬಿಟ್ಟಿಲ್ಲ.

ಉತ್ತರ ಕರ್ನಾಟಕದಲ್ಲಿ ಈ ಕೆಲಸವನ್ನು ಅಡ್ಡಹೆಸರು ಮಾಡುವುದು. ಕೆಲವು ಊರಿನವು, ಕೆಲವು ಮಠದವು, ಕೆಲವು ಅಧಿಕಾರದವು. ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳು 1961ರ ಕಾನೂನಿನಿಂದ ರದ್ದಾದವು. ಆದರೂ ಕುಲಕರ್ಣಿ, ಪಾಟೀಲ ಎಂಬ ಹೆಸರುಗಳು ಉಳಿದಿವೆ. ಇಲ್ಲೊಂದು ಎಚ್ಚರಿಕೆ ಬೇಕು. ಊರೂರಿಗೂ ಒಬ್ಬ ಕುಲಕರ್ಣಿ ಇದ್ದನು. ಅಡ್ಡಹೆಸರು ಒಂದೇ ಆದ ಮಾತ್ರಕ್ಕೆ ವಂಶ ಒಂದೇ ಎನ್ನಲಾಗದು.

ಇನ್ನು ಮಗುವಿಗೆ ಇಟ್ಟ ಹೆಸರು. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ಬಹು ಪ್ರಾಚೀನವಾದ ರೂಢಿ. ಬಾದಾಮಿಯ ಚಾಲುಕ್ಯರಲ್ಲಿ ಒಂದನೆಯ ಪುಲಕೇಶಿಯ ಮೊಮ್ಮಗನೇ ಇಮ್ಮಡಿ ಪುಲಕೇಶಿ. ಹೊಯ್ಸಳರಲ್ಲಿ ಒಂದನೆಯ ನರಸಿಂಹನ ಮೊಮ್ಮಗ ಎರಡನೆಯ ನರಸಿಂಹ. ಅವನ ಮೊಮ್ಮಗ ಮೂರನೆಯ ನರಸಿಂಹ. ಅರಮನೆಯ ಈ ರೂಢಿ ಗುಡಿಸಲಿನಲ್ಲಿಯೂ ಇತ್ತು. ತಂದೆಯ ಹೆಸರು ತಿಳಿದು ತಾತನ ಹೆಸರು ತಿಳಿಯದಿದ್ದಲ್ಲಿ, ಹಿರಿಯ ಮಗನ ಹೆಸರಿನಿಂದ ಅದನ್ನು ಊಹಿಸಬಹುದು. ಆದರೆ ಊಹೆ ಊಹೆಯೇ. ಪತ್ರವು ಅದನ್ನು ಸಮರ್ಥಿಸಬೇಕು.

ತೊಡಕು ಹುಟ್ಟುವುದೂ ಈ ಪತ್ರಗಳಲ್ಲಿಯೇ. ಮೈಸೂರು ಸೀಮೆಯ ಹಳೆಯ ಕ್ರಯಪತ್ರಗಳಲ್ಲಿ "ತಿಮ್ಮಯ್ಯ ಬಿನ್ ರಾಮಯ್ಯ" ಎಂದು ಬರೆಯುವ ವಾಡಿಕೆ; ಬಿನ್ ಎಂದರೆ ಮಗ. ಅಜ್ಜನ ಹೆಸರು ಮೊಮ್ಮಗನಿಗೆ ಬರುತ್ತ ಹೋದರೆ ಅಜ್ಜನೂ ತಿಮ್ಮಯ್ಯ ಬಿನ್ ರಾಮಯ್ಯನೇ, ಮೊಮ್ಮಗನೂ ತಿಮ್ಮಯ್ಯ ಬಿನ್ ರಾಮಯ್ಯನೇ! ಐವತ್ತು ವರ್ಷಗಳ ಅಂತರದ ಎರಡು ಪತ್ರಗಳನ್ನು ಒಬ್ಬನವೆಂದೇ ತಿಳಿದಲ್ಲಿ ವಂಶವೃಕ್ಷದಿಂದ ಎರಡು ತಲೆಮಾರುಗಳು ಮಾಯವಾಗುವುವು. ಅವರೊಡನೆ ದಾಯಾದಿಗಳ ಒಂದು ಶಾಖೆಯೂ, ಅದರ ಹಕ್ಕೂ ಮಾಯವಾದೀತು. ಇದಕ್ಕೆ ಕರೆಯುವ ಹೆಸರಿನ ಗೊಂದಲವೂ ಸೇರುವುದು. ಸೊಸೆಯು ಮಾವನ ಹೆಸರನ್ನು ಉಚ್ಚರಿಸಬಾರದೆಂಬ ಸಂಪ್ರದಾಯವಿದ್ದುದರಿಂದ, ಮಾವನ ಹೆಸರು ಹೊತ್ತ ತನ್ನ ಮಗನನ್ನು ಅವಳು ಅಪ್ಪಯ್ಯನೆಂದೋ ಪುಟ್ಟಣ್ಣನೆಂದೋ ಕರೆಯುತ್ತಿದ್ದಳು. ಊರು ಬಲ್ಲ ಪುಟ್ಟಣ್ಣನೇ ಪತ್ರದ ತಿಮ್ಮಯ್ಯನೆಂಬುದನ್ನು ಮನೆಯವರಲ್ಲದೆ ಮತ್ತಾರು ಹೇಳಬಲ್ಲರು?

ಈ ಗಂಟನ್ನು ಬಿಡಿಸಲು ಸಾಮಾನ್ಯವಾಗಿ ನೆರವಾಗುವುದು ಹೆಂಗಸರ ಹೆಸರು. ಅದೇ ಪತ್ರಗಳಲ್ಲಿ "ಲಕ್ಷ್ಮಮ್ಮ ಕೋಂ ತಿಮ್ಮಯ್ಯ" ಎಂಬ ಬರಹವೂ ಇರುವುದು. ಕೋಂ ಎಂದರೆ ಹೆಂಡತಿ. ಅಜ್ಜನ ಪತ್ನಿ ಒಬ್ಬಳು, ಮೊಮ್ಮಗನ ಪತ್ನಿ ಇನ್ನೊಬ್ಬಳು. ತಿಮ್ಮಯ್ಯರಿಬ್ಬರನ್ನು ಬೇರ್ಪಡಿಸುವವಳು ಅವಳು. ಹೀಗಿದ್ದೂ ನಾವು ಗೋಡೆಗೆ ತೂಗುಹಾಕುವ ವಂಶವೃಕ್ಷಗಳಲ್ಲಿ ಗಂಡಸರ ಹೆಸರುಗಳೇ ತುಂಬಿವೆ. ಮದುವೆಯಲ್ಲಿ ವಧುವಿನ ಹೆಸರನ್ನೇ ಬದಲಿಸುವ ಮನೆತನಗಳಲ್ಲಿ ಅವಳ ತವರಿನ ಹೆಸರು ಒಂದೇ ತಲೆಮಾರಿನಲ್ಲಿ ಅಳಿಸಿಹೋಗುವುದು. ಶ್ರಾದ್ಧಕರ್ಮದಲ್ಲಾದರೂ ತಾಯಿ, ಪಿತಾಮಹಿ, ಪ್ರಪಿತಾಮಹಿಯರ ಹೆಸರು ಹೇಳುವ ವಿಧಿಯುಂಟು. ಕರ್ಮ ಮಾಡಿಸುವ ಪುರೋಹಿತರು ನೆನಪಿಟ್ಟುದನ್ನು ಮನೆಯ ಯಜಮಾನನು ಬರೆದಿಡದಿರುವುದು ಸೋಜಿಗವಲ್ಲವೇ?

ಹಿಂದೆ ಸುಗ್ಗಿಯಾದ ಬಳಿಕ ಹೆಳವರು ಗಂಟೆ ಬಾರಿಸುತ್ತ ಎತ್ತಿನೊಡನೆ ಬಾಗಿಲಿಗೆ ಬಂದು, ಒಕ್ಕಲುಮನೆಗಳ ವಂಶಾವಳಿಯನ್ನು ಹೇಳಿ, ಕಾಳುಕಡ್ಡಿ ಪಡೆದು ಹೋಗುತ್ತಿದ್ದರು. ಆ ವೃತ್ತಿಯು ಈಗ ಕ್ಷೀಣಿಸಿದೆ. ಪಟ್ಟಣದ ಮಕ್ಕಳಿಗೆ ತಮ್ಮ ಹೆಸರಿನ ಮೊದಲ ಅಕ್ಷರವು ಯಾವ ಊರೆಂಬುದೇ ತಿಳಿಯದು. ಅಕ್ಷರವು ಉಳಿದು ಅರ್ಥವು ಹೋದರೆ ಆ ಊರಿನ ದಾರಿಯೂ ಮುಚ್ಚಿದಂತೆಯೇ.

ಆದುದರಿಂದ ಪ್ರತಿಯೊಬ್ಬ ಗೃಹಸ್ಥನೂ ಒಂದು ಪುಸ್ತಕ ತೆರೆದು, ಮನೆಯ ಹಿರಿಯರನ್ನು, ಮೊದಲು ಹಿರಿಯ ಹೆಂಗಸರನ್ನು, ಕೇಳಿ ಬರೆದುಕೊಳ್ಳಲಿ: ಇಟ್ಟ ಹೆಸರು, ಕರೆದ ಹೆಸರು, ಊರು, ಮನೆದೇವರು, ಹೆಂಡತಿಯ ಹೆಸರು, ಅವಳ ತವರು. ಅನಂತರ ಕ್ರಯಪತ್ರಗಳೊಡನೆ, ಶಾಲೆಯ ದಾಖಲೆಗಳೊಡನೆ ಒಪ್ಪಿಸಿ ನೋಡಲಿ. ಕುಲದ ಹೆಮ್ಮೆಯನ್ನು ಮೆರೆಸುವುದು ಇದರ ಉದ್ದೇಶವಲ್ಲ. ತನಗೆ ಮೊದಲು ಇದೇ ನೆಲದಲ್ಲಿ ದುಡಿದು ಬಾಳಿದವರ ಗುರುತನ್ನು ಕಾಪಾಡುವುದು. ಪತ್ರಗಳು ಇನ್ನು ಕೆಲವು ಕಾಲ ಕಾದಾವು. ಅಜ್ಜಿಯ ನೆನಪು ಕಾಯಲಾರದು.