ಹಳ್ಳದ ನೀರೂ ದಡದ ನೆರಳೂ

ಮೊದಲನೆಯ ಕೀರ್ತನೆಯು ನೀತಿವಂತನನ್ನು ನೀರಿನ ಬಳಿಯ ಮರಕ್ಕೆ ಹೋಲಿಸುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಅಲ್ಲಿ ನೀರಿನಿಂದ ಮರಕ್ಕಾಗುವ ಉಪಕಾರವು ಹೇಳಲ್ಪಟ್ಟಿದೆ. ಮರದಿಂದ ನೀರಿಗಾಗುವ ಉಪಕಾರವಾದರೋ ಅಷ್ಟಾಗಿ ಯಾರ ಗಮನಕ್ಕೂ ಬಂದಂತೆ ಕಾಣದು.

ಸಂಡೂರಿನ ಕಣಿವೆಯನ್ನು ನೋಡಿದವರು ನಾರಿಹಳ್ಳವನ್ನು ಮರೆಯಲಾರರು. ಓಬಳಗಂಡಿ, ಭೀಮಗಂಡಿ ಎಂಬ ಎರಡು ಬೆಟ್ಟದ ಸೀಳುಗಳ ಮೂಲಕ ಹರಿಯುವ ಈ ಹಳ್ಳಕ್ಕೆ ಸುತ್ತಣ ಗುಡ್ಡಗಳಿಂದ ಸಣ್ಣ ತೊರೆಗಳು ಬಂದು ಸೇರುತ್ತವೆ. ತೊರೆಯ ನೀರು ತೆಳುವಾದುದು. ಆದಕಾರಣ ಬೇಗನೆ ಕಾಯುತ್ತದೆ. ಬಿಸಿಗಾಳಿಯೇ ಅದನ್ನು ಕಾಯಿಸುವುದೆಂದು ಸಾಮಾನ್ಯವಾದ ಎಣಿಕೆಯುಂಟು. ಎರಡು ಅಗಲವಾದ ಪಾತ್ರೆಗಳಲ್ಲಿ ನೀರು ತುಂಬಿ, ಒಂದನ್ನು ಅಂಗಳದ ಬಿಸಿಲಿನಲ್ಲಿಯೂ ಇನ್ನೊಂದನ್ನು ಹುಣಸೆಯ ನೆರಳಿನಲ್ಲಿಯೂ ಇಟ್ಟು, ಮಧ್ಯಾಹ್ನದಲ್ಲಿ ಕೈಯದ್ದಿ ನೋಡಿರಿ. ಗಾಳಿಯು ಎರಡಕ್ಕೂ ಒಂದೇ. ವ್ಯತ್ಯಾಸವನ್ನು ಮಾಡಿದುದು ನೇರವಾಗಿ ಬಿದ್ದ ಬಿಸಿಲು.

ಅಮೆರಿಕದ ಆರೆಗಾನ್ ಪ್ರಾಂತದಲ್ಲಿ 1966ರಲ್ಲಿ ಒಂದು ಸಣ್ಣ ತೊರೆಯ ಸುತ್ತಣ ಕಾಡನ್ನು ಪೂರ್ತಿಯಾಗಿ ಕಡಿದು ಪರೀಕ್ಷಿಸಿದರು. ವರ್ಷದ ಅತ್ಯಧಿಕ ಉಷ್ಣಮಾನವು 57 ಡಿಗ್ರಿ ಫ್ಯಾರನ್‌ಹೀಟಿನಿಂದ 85ಕ್ಕೆ ಏರಿತು. ನೆರೆಯ ಇನ್ನೊಂದು ತೊರೆಯ ಬಳಿಯಲ್ಲಿಯೂ ಮರ ಕಡಿದರು. ಆದರೆ ದಡದ ಗಿಡಮರಗಳನ್ನು ಮುಟ್ಟಲಿಲ್ಲ. ಅಲ್ಲಿ ಕಡಿತದಿಂದಾದ ಏರಿಕೆಯು ಕಾಣಬರಲಿಲ್ಲ. ಕಾಡೆಲ್ಲವೂ ಅಲ್ಲ, ಆ ದಡದ ಪಟ್ಟಿಯೇ ಮುಖ್ಯವೆಂಬುದು ನನಗೆ ಬಹಳ ಸೋಜಿಗವೆನಿಸಿತು.

ನೀರು ಕಾದರೆ ನಷ್ಟವೇನೆಂದು ಕೇಳಬಹುದು. ಮೀನುಗಳು ನೀರಿನಲ್ಲಿ ಕರಗಿದ ಆಮ್ಲಜನಕದಿಂದ ಉಸಿರಾಡುತ್ತವೆ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಮಿನಷ್ಟು ಆಮ್ಲಜನಕವನ್ನು ಹಿಡಿದಿಡಬಲ್ಲುದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಅದೇ ಸಮಯದಲ್ಲಿ ಮೀನಿನ ಮೈಗೆ ಆಮ್ಲಜನಕವು ಹೆಚ್ಚು ಬೇಕಾಗುತ್ತದೆ. ಬೇಕಾದುದು ಹೆಚ್ಚಿ, ದೊರೆಯುವುದು ಕಡಿಮೆಯಾದರೆ ಜೀವವು ನಿಲ್ಲುವುದೆಂತು?

ಹಂಪೆಯ ಬಳಿಯ ತುಂಗಭದ್ರೆಯಂಥ ಅಗಲವಾದ ಹೊಳೆಗೆ ದಡದ ಮರಗಳ ನೆರಳು ಅಂಚಿಗಷ್ಟೇ ಎಟಕುವುದು. ಆದ್ದರಿಂದ ಈ ಮಾತು ಮುಖ್ಯವಾಗಿ ತೊರೆಗಳಿಗೆ ಸಲ್ಲತಕ್ಕದ್ದು. ಸಂಡೂರಿನ ಗುಡ್ಡಗಳಲ್ಲಿ ಸೌದೆಗಾಗಿಯೂ, ಅದಕ್ಕಿಂತ ಹೆಚ್ಚಾಗಿ ಕಬ್ಬಿಣದ ಅದಿರಿಗಾಗಿಯೂ ಮರಗಳು ಹೋದವು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿ, 2013ರಲ್ಲಿ ಕಟ್ಟುಪಾಡುಗಳೊಡನೆ ಮತ್ತೆ ಅವಕಾಶವಿತ್ತಿತು. ಬೋಳಾದ ಇಳಿಜಾರಿನಿಂದ ಕೊಚ್ಚಿ ಬಂದ ಕೆಮ್ಮಣ್ಣು ತೊರೆಯ ಮಡುಗಳನ್ನು ತುಂಬಿದರೆ, ನೀರು ಇನ್ನೂ ತೆಳುವಾಗಿ ಹರಡಿ ಇನ್ನೂ ಬೇಗನೆ ಕಾಯುತ್ತದೆ.

ದಡದಲ್ಲಿ ಸಸಿಗಳನ್ನು ನೆಡುವವರಿಗೆ ಒಂದು ಮಾತು. ಆರೆಗಾನಿನಲ್ಲಿ ನಡುಹಗಲಿನ ಸೂರ್ಯನು ಯಾವಾಗಲೂ ದಕ್ಷಿಣಕ್ಕೆ ವಾಲಿರುವುದರಿಂದ ತೆಂಕಣ ದಡದ ಮರಗಳೇ ಬಹುಮಟ್ಟಿಗೆ ಸಾಕು. ನಮ್ಮಲ್ಲಿಯಾದರೋ ಏಪ್ರಿಲ್ ಕಡೆಯಲ್ಲಿ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆಗ ತಾಳೆಯಂಥ ನೆಟ್ಟಗಿನ ಮರದಿಂದ ಪ್ರಯೋಜನವು ಕಡಿಮೆ. ಎರಡು ದಡಗಳಿಂದಲೂ ನೀರಿನ ಮೇಲೆ ಕೊಂಬೆ ಚಾಚುವ ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿಗಳೇ ಬೇಕು.