ಗೋಷ್ಠಿಯಿಂದ ಗ್ರಾಮಕ್ಕೆ ಬಂದ ಮನೋಚಿಕಿತ್ಸೆ

ಜ್ವರ ಬಂದ ಮಗುವನ್ನು ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಲು ಯಾರೂ ಹಿಂಜರಿಯುವುದಿಲ್ಲ. ಅದೇ ಮಗು ವಾರಗಟ್ಟಲೆ ನಿದ್ದೆಗೆಟ್ಟು, ಊಟ ಬಿಟ್ಟು, ಮೂಲೆ ಹಿಡಿದು ಕುಳಿತರೆ? ‘ದೃಷ್ಟಿ ತಾಗಿದೆ’ ಎಂದೋ, ‘ಓದಲು ಸೋಮಾರಿತನ’ ಎಂದೋ ಮನೆಯವರು ತೀರ್ಮಾನಿಸಿಬಿಡುತ್ತಾರೆ. ಮೆದುಳೂ ದೇಹದ ಒಂದು ಅಂಗ, ಅದಕ್ಕೂ ಕಾಯಿಲೆ ಬರುತ್ತದೆ, ಚಿಕಿತ್ಸೆಯೂ ಉಂಟು ಎಂಬ ಮಾತು ವಿಚಾರ ಸಂಕಿರಣಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಆದರೆ ಮಾತು ಕೃತಿಗಿಳಿಯುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದ ಒಂದು ಪ್ರಯೋಗ ಕರ್ನಾಟಕದಲ್ಲೇ ನಡೆದಿದೆ.

1970ರ ದಶಕದಲ್ಲಿ ದೇಶದ ಮನೋವೈದ್ಯರ ಸಂಖ್ಯೆ ತೀರ ಕಡಿಮೆ. ಇದ್ದವರೂ ಹೆಚ್ಚಾಗಿ ನಗರಗಳಲ್ಲಿ. ಹಳ್ಳಿಯ ರೋಗಿ ಬೆಂಗಳೂರಿಗೆ ಅಲೆಯುವ ಬದಲು ಚಿಕಿತ್ಸೆಯೇ ಹಳ್ಳಿಗೆ ಹೋಗಬಾರದೇಕೆ ಎಂದು ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಯೋಚಿಸಿದರು. ನಗರದ ಹೊರಗಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದು ಆರಂಭವಾಯಿತು. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು ನೋಡಿದರು.

1982ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು. ಅದನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ಒರೆಗೆ ಹಚ್ಚಿದ್ದು ಅದೇ ದಶಕದಲ್ಲಿ, ಬಳ್ಳಾರಿಯಲ್ಲಿ. ಅಲ್ಲಿ ದೊಡ್ಡ ಹುಚ್ಚಾಸ್ಪತ್ರೆ ಕಟ್ಟಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ತೀವ್ರ ಮನೋರೋಗ, ಖಿನ್ನತೆ, ಮೂರ್ಛೆರೋಗಗಳನ್ನು ಗುರುತಿಸಲು ಕಲಿತರು. ಅಗತ್ಯವಾದ ಕೆಲವೇ ಔಷಧಿಗಳನ್ನು ಅಲ್ಲಿಯೇ ಒದಗಿಸಲಾಯಿತು. ಮನೆಮನೆಗೆ ಹೋಗುವ ಕಾರ್ಯಕರ್ತರು ರೋಗಿ ಮಾತ್ರೆ ನಿಲ್ಲಿಸಿದ್ದಾನೆಯೇ ಎಂದು ವಿಚಾರಿಸಿದರು. ಕಠಿಣ ಪ್ರಕರಣಗಳಿಗೆ ಜಿಲ್ಲಾ ಕೇಂದ್ರದಲ್ಲಿ ತಜ್ಞರ ನೆರವಿತ್ತು.

ಈ ಮಾದರಿಯನ್ನೇ ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ 4 ಜಿಲ್ಲೆಗಳಲ್ಲಿ ಶುರುವಾಗಿ, ಮುಂದೆ ಉಳಿದೆಡೆಗೂ ಹಬ್ಬಿತು.

ಆದರೂ ದಾರಿ ಸುಗಮವಾಗಿರಲಿಲ್ಲ. ತರಬೇತಿ ಪಡೆದ ವೈದ್ಯರಿಗೆ ವರ್ಗವಾದರೆ, ಔಷಧಿ ತಡವಾದರೆ, ಹುದ್ದೆ ಖಾಲಿ ಬಿದ್ದರೆ ಯೋಜನೆ ಕಡತದಲ್ಲೇ ಉಳಿಯುತ್ತದೆ. ಚಿಕಿತ್ಸೆ ತಲುಪದ ಕಡೆ ಏನಾಗಬಹುದೆಂಬುದನ್ನು 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ತೋರಿಸಿತು. ಅಲ್ಲಿನ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿಸಿದ್ದ ಮನೋರೋಗಿಗಳು ಓಡಲಾಗದೆ 28 ಮಂದಿ ಪ್ರಾಣ ಬಿಟ್ಟರು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿತು. ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಹಕ್ಕನ್ನಾಗಿಸಿತು. ಆದರೆ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ಅನುಗುಣವಾಗಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಈ ಕೊರತೆಗೆ ವೈದ್ಯರ ಅಭಾವದಷ್ಟೇ ‘ಜನ ಏನೆಂದಾರು’ ಎಂಬ ಅಂಜಿಕೆಯೂ ಕಾರಣ.

ಅಂಜಿಕೆಯನ್ನು ಸರ್ಕಾರದ ಆದೇಶ ಹೋಗಲಾಡಿಸಲಾರದು. ಅದು ಮನೆಯಲ್ಲೇ ಆಗಬೇಕಾದ ಸುಧಾರಣೆ. ಮಗು ಎರಡು ವಾರ ಮಂಕಾಗಿದ್ದರೆ ಅಂಕಪಟ್ಟಿ ಬದಿಗಿಟ್ಟು, ಗದರದೆ ಮಾತನಾಡಿಸಬೇಕು, ವೈದ್ಯರಿಗೆ ತೋರಿಸಬೇಕು. ವಿದ್ಯಾರ್ಥಿಗಳೂ ಸಂಕಟವನ್ನು ಮುಚ್ಚಿಡಬಾರದು. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಬಳ್ಳಾರಿಯ ಹಳ್ಳಿಗಳಲ್ಲಿ ಕಾರ್ಯಕರ್ತರು ಬಾಗಿಲವರೆಗೆ ಬಂದರು. ಆ ಬಾಗಿಲನ್ನು ತೆರೆಯಬೇಕಾದವರು ಮಾತ್ರ ಮನೆಯವರೇ.